ಬಾಲವಿಲ್ಲದ ಚಿಪ್ಪುಹಂದಿ

೯ ಫೆಬ್ರವರಿ ೧೯೮೬

ಅಕ್ಕಾ,

ಲಾರಿ ಡ್ರೈವರ್ ಈ ಕಾಗದದ ಜೊತೆ ನಿನಗೊಂದು ಗಂಟು ಕೊಟ್ಟಿರ್ತಾನೆ. ಬಿಚ್ಚೋಕೆ ಮೊದಲು ಇದನ್ನ ಓದು. ಒಳಗಿರೋದು ತಿನ್ನೋದಲ್ಲ, ಉಡೋದೂ ಅಲ್ಲ. ಕಲ್ಲು. ಹುಟ್ಟಿದಾಗಿಂದ ನಿನಗೆ ಇಷ್ಟವಾದ ವಸ್ತು ಅದೊಂದೇ ಅಲ್ವಾ, ಬೇರೆ ಏನು ಕಳಿಸಲಿ?

ಕಲ್ಲು ಅಗೆದು ಕಾಯಿಸಿ ಎಣ್ಣೆ ತೆಗೀತಿದ್ದ ನಮ್ಮ ಎಣ್ಣೆಗಲ್ಲಿನ ಕಾರ್ಖಾನೆ ಮುಚ್ಚಿದ್ದು ನಿನಗೆ ಗೊತ್ತು. ಹೊಂಡ ಮಾತ್ರ ಬಾಯಿ ತೆರಕೊಂಡು ಹಾಗೇ ಬಿದ್ದಿದೆ. ಅದನ್ನೀಗ ಪೇಟೆಯ ಕಸದಿಂದ ತುಂಬ್ತಾರೆ. ನಮ್ಮ ಮೇಸ್ತ್ರಿ ಕಂಡವರ ಕೈಕಾಲು ಹಿಡಿದು, ಉಳಿದವರಿಗೆಲ್ಲ ಅದರಲ್ಲೇ ಕೆಲಸ ಕೊಡಿಸಿದ್ದಾನೆ. ನನಗೆ ಹಳೇ ಅಗೆಯೋ ಯಂತ್ರಾನೇ ಸಿಕ್ಕಿದೆ. ಕಸದ ಲಾರಿ ಇಳಿಯೋಕೆ ದಾರಿ ಕಡೀತಾ ಇದ್ದೆ. ಯಂತ್ರದ ಹಲ್ಲು ತಾಗಿ ಒಂದು ಚಪ್ಪಡಿ ಪುಸ್ತಕದ ಹಾಗೆ ಬಿಚ್ಚಿಕೊಳ್ತು. ಒಳಗೆ ಒಂದು ಪ್ರಾಣಿ ಮಲಗಿತ್ತು. ಇಷ್ಟುದ್ದ, ನನ್ನ ಮೊಣಕೈಯಿಂದ ಬೆರಳ ತುದಿ ತನಕ. ಸ್ವೆಟರ್ ಹಾಕಿಕೊಂಡ ಇಲಿ ಅಂತ ನಿನ್ನ ಸೊಸೆ ಅಂದಳು. ನಮ್ಮ ಬಾಯಿಬಡುಕಿ ಮಗಳಿಗೆ ಒಂಬತ್ತಾಯ್ತು, ನಾಲಿಗೆಗೆ ತೊಂಬತ್ತು.

ಇಲ್ಲಿ ಮುಂಚೆ ಕಲ್ಲಲ್ಲಿ ಮೀನು ಸಿಕ್ಕಿದಾಗ ಒಣಗಿ ಪುಡಿಯಾಗಿದ್ದನ್ನ ನೋಡಿದ್ದೆ. ಅದಕ್ಕೇ ಒದ್ದೆ ಟವಲಲ್ಲಿ ಸುತ್ತಿದೀನಿ. ಒಳ್ಳೇ ಟವಲ್ಲು ಹಾಳಾಯ್ತು ಅಂತ ನನ್ನವಳು ಮುಖ ಊದಿಸಿಕೊಂಡಿದ್ದಾಳೆ.

ಎಲ್ಲಿಂದ ಬಂತು ಅಂತ ಯಾರಾದ್ರೂ ಕೇಳಿದ್ರೆ, ತಮ್ಮ ಕೊಟ್ಟ ಅನ್ನು. ಅಷ್ಟೇ ಸಾಕು.

ನಿನ್ನ ಮೊದ್ದು

*

೨೭ ಫೆಬ್ರವರಿ ೧೯೮೬

ಪ್ರೀತಿಯ ಮೊದ್ದು,

ನಿನಗೆ ಬುದ್ಧಿ ಬಂದದ್ದು ಯಾವಾಗ? ಒದ್ದೆ ಟವಲು ಇಲ್ಲದಿದ್ದರೆ ನನ್ನ ಕೈಗೆ ಒಂದು ಬುಟ್ಟಿ ಹೊಟ್ಟು ಸಿಗುತ್ತಿತ್ತು. ಬಂದ ಕೂಡಲೇ ನೀರಿನ ತೊಟ್ಟಿಗೆ ಹಾಕಿದೆ. ನಾನು ಕೆಲಸ ಮಾಡುವುದು ಮ್ಯೂಸಿಯಂ ನೆಲಮಾಳಿಗೆಯಲ್ಲಿ. ಒಂದು ಮೇಜು, ಒಂದು ಭೂತಗನ್ನಡಿ, ಹಲ್ಲಿನ ವೈದ್ಯರು ಬಳಸುವಂಥ ಸೂಜಿಗಳು, ಕಿಟಕಿಯಲ್ಲಿ ದಾರಿಹೋಕರ ಚಪ್ಪಲಿಗಳು. ಈಗ ನಿನ್ನ ಇಲಿಯೂ ಸೇರಿಕೊಂಡಿದೆ.

ಅದು ಇಲಿಯಲ್ಲ. ಇಂದಿನ ಚಿಪ್ಪುಹಂದಿಗಳಿವೆಯಲ್ಲ, ಅವುಗಳ ಹಳೆಯ ನೆಂಟ. ಎಷ್ಟು ಹಳೆಯದೆಂದರೆ ನಾಲ್ಕೂಮುಕ್ಕಾಲು ಕೋಟಿ ವರ್ಷ. ಬಾಯಲ್ಲಿ ಒಂದೂ ಹಲ್ಲಿಲ್ಲ. ಮುಂಗಾಲಿನ ಉಗುರು ನೋಡಿದರೆ ಭಯವಾಗುತ್ತದೆ, ಮೈಯೆಲ್ಲಾ ಅಗೆಯುವುದಕ್ಕೇ ಮಾಡಿದಂತಿದೆ. ಬೆನ್ನ ಮೇಲೆ ಚಿಪ್ಪಿನ ಗುರುತು ಅಲ್ಲಲ್ಲಿ ಕಾಣುತ್ತಿದೆ. ಈ ಬಳಗದವು ಕುಲವಳಿದು ಹೋಗಿವೆ. ನಿಮ್ಮ ಹೊಂಡ ಆಗ ಕೆರೆಯಾಗಿತ್ತು. ತಳದ ಕೆಸರಿನಲ್ಲಿ ಉಸಿರಾಡುವಂಥದ್ದು ಏನೂ ಇರಲಿಲ್ಲ, ಹಾಗಾಗಿ ಬಿದ್ದದ್ದು ಕೊಳೆಯಲಿಲ್ಲ.

ಆದರೆ ಬಾಲ ಬುಡದಲ್ಲೇ ತುಂಡಾಗಿದೆ. ಮುರಿದ ಅಂಚು ಹೊಸದು. ಅಂದರೆ ಉಳಿದ ಭಾಗ ಅಲ್ಲೇ ಹೊಂಡದ ಗೋಡೆಯಲ್ಲಿದೆ. ನೋಡುತ್ತೀಯಾ?

ನಮ್ಮ ಮುಖ್ಯಸ್ಥರು ವರ್ಷಕ್ಕೊಮ್ಮೆಯೂ ಕೆಳಗಿಳಿಯದವರು. ನಿನ್ನೆ ಇಳಿದು ಬಂದು ನನ್ನ ಸ್ಟೂಲಿನ ಮೇಲೆ ಕೂತು, ಟೀ ಆರಿಹೋಗುವ ತನಕ ನೋಡಿದರು. "ಇದು ಯಾವ ಹೊಂಡದ್ದು?" ಅಂದರು. "ನನ್ನ ತಮ್ಮ ಕೊಟ್ಟ" ಅಂದೆ. ಕಲ್ಲಿನ ಬಣ್ಣ ನೋಡಿಯೇ ಅವರಿಗೆ ಅರ್ಧ ಗೊತ್ತಾಗಿದೆ. ಯಾಕಪ್ಪಾ ಈ ನಾಚಿಕೆ? ಚಿಕ್ಕಂದಿನಲ್ಲಿ ಬಹುಮಾನ ಬಂದರೆ ಮಂಚದ ಕೆಳಗೆ ಅಡಗುತ್ತಿದ್ದೆ, ಈಗಲೂ ಅದೇನಾ? ಪೇಪರಿನಲ್ಲಿ ನಿನ್ನ ಹೆಸರು ಬರುತ್ತದೆ ಕಣೋ. ಹೇಳಲೇ?

ಅಕ್ಕ

*

೧೨ ಮಾರ್ಚ್ ೧೯೮೬

ಮೊದ್ದು,

ನಿನ್ನ ಉತ್ತರ ಬರಲಿಲ್ಲ. ಕಾಯುವಷ್ಟು ಹೊತ್ತಿರಲಿಲ್ಲ. ಏಪ್ರಿಲ್‌ನಲ್ಲಿ ಕಸ ಸುರಿಯಲು ಶುರು ಮಾಡುತ್ತಾರೆಂದು ಮುಖ್ಯಸ್ಥರಿಗೆ ಎಲ್ಲಿಂದಲೋ ಸುದ್ದಿ ಬಂತು. ಅವರು ಮತ್ತೆ ಕೆಳಗಿಳಿದು ಬಂದು, "ನೋಡಮ್ಮಾ, ಅಂಥವು ಇನ್ನೆಷ್ಟು ಆ ಗೋಡೆಯಲ್ಲಿವೆಯೋ. ಎಲ್ಲದರ ಮೇಲೂ ಕೊಳೆತ ಕಸ ಬೀಳುತ್ತದೆ. ನೀನು ಒಂದು ಮಾತು ಹೇಳು ಸಾಕು" ಅಂದರು. ಹೇಳಿದೆ. ಹೊಂಡ ಯಾವುದೆಂದು ಹೇಳಿದೆ, ನಿನ್ನ ಹೆಸರೂ ಹೇಳಿದೆ.

ಭಾನುವಾರದ ಪೇಪರಿನಲ್ಲಿ ಬರುತ್ತದೆ. ಸರಕಾರಕ್ಕೂ ಬರೆದಿದ್ದಾರೆ. ನಿನ್ನ ಹೆಂಡತಿಗೆ ಹೇಳು, ಆ ಟವಲಿಗೆ ಈಗ ಬೆಲೆ ಕಟ್ಟಲಾಗುವುದಿಲ್ಲ!

ಅಕ್ಕ

*

೧೩ ಮಾರ್ಚ್ ೧೯೮೬

ಅಕ್ಕಾ,

ಉತ್ತರ ತಡ ಆಯ್ತು, ಬೈಬೇಡ. ಬರೀಬೇಕು ಅಂತ ಕೂತಾಗೆಲ್ಲ ಹೇಗೆ ಬರೆಯೋದು ಅಂತ ತೋಚಲಿಲ್ಲ. ನೀನು ಬೇಜಾರು ಮಾಡ್ಕೋತೀಯ ಅಂತ ಸುತ್ತಿ ಬಳಸಿ ಬರೆಯೋಕೆ ನೋಡಿದೆ, ಆಗಲಿಲ್ಲ.

ಹೇಳಬೇಡ. ಇದು ನಾಚಿಕೆ ಅಲ್ಲ. ಇಲ್ಲಿ ಕೆಲಸ ಅಂದ್ರೆ ಆ ಹೊಂಡ ತುಂಬೋ ಕೆಲಸ ಒಂದೇ. ಹೊಂಡ ನಿಂತ್ರೆ ನಾವೆಲ್ಲ ನಿಂತ ಹಾಗೆ. ಕಾರ್ಖಾನೆ ಮುಚ್ಚಿದ ಮೇಲೆ ನಮ್ಮ ಬೀದೀಲಿ ಎಷ್ಟು ಮನೆಗೆ ಬೀಗ ಬಿತ್ತು ಅಂತ ನೀನು ನೋಡಿಲ್ಲ. ಮೇಸ್ತ್ರಿ ತನ್ನ ಹೆಂಡತಿ ಆಸ್ಪತ್ರೇಲಿದ್ದಾಗ್ಲೂ ನಮ್ಮ ಕೆಲಸಕ್ಕೆ ಅಂತ ಬಾಗಿಲು ಬಾಗಿಲು ಅಲೆದಿದ್ದಾನೆ. ಅವನ ಮುಖ ನೋಡೋದು ನಾನು, ನೀನಲ್ಲ.

ಕಲ್ಲು ನಿನಗೆ ಕೊಟ್ಟೆ, ಇಟ್ಕೋ. ನಿನ್ನ ಮುಖ್ಯಸ್ಥರಿಗೆ ಏನಾದ್ರೂ ಒಂದು ಸುಳ್ಳು ಹೇಳು. ನಿನಗೆ ಸುಳ್ಳು ಹೇಳೋಕೆ ಬರಲ್ಲ, ಗೊತ್ತು. ಹಾಗಾದ್ರೆ ಬಾಯಿ ಮುಚ್ಚಿಕೊಂಡಿರು.

ಬಾಲ ಅಲ್ಲೇ ಇದೆ, ನೋಡಿದೆ. ಬಡಗು ಗೋಡೆಯಲ್ಲಿ ಎದೆಮಟ್ಟಕ್ಕೆ.

ಮೊದ್ದು

*

೯ ಏಪ್ರಿಲ್ ೧೯೮೬

ಅಕ್ಕಾ,

ಇದನ್ನ ಬರೀತಾ ಇರೋದು ನನ್ನವಳು, ಹೇಳ್ತಾ ಇರೋದು ನಾನು. ಅಕ್ಷರ ಚೆನ್ನಾಗಿದೆ ಅಂತ ಆಶ್ಚರ್ಯ ಪಡಬೇಡ. ಏಣಿಯಿಂದ ಬಿದ್ದು ಬಲಗೈಗೆ ಪೆಟ್ಟಾಗಿದೆ. ಪಟ್ಟಿ ಕಟ್ಟಿದ್ದಾರೆ. ಸರಿ ಹೋಗುತ್ತೆ ಅಂತ ಡಾಕ್ಟರು ಹೇಳಿದ್ದಾರೆ.

ತಡೆ ಆದೇಶ ಬಂತು. ಹೊಂಡದ ಕೆಲಸ ನಿಂತಿದೆ. ನಿಮ್ಮ ಮ್ಯೂಸಿಯಂನವರು ಜೀಪಲ್ಲಿ ಬಂದಿದ್ದರು, ಜಾಗ ತೋರಿಸು ಅಂದರು. ನೆನಪಿಲ್ಲ ಅಂದೆ.

ಬೇರೆ ವಿಶೇಷ ಏನೂ ಇಲ್ಲ. ನಾವೆಲ್ಲ ಚೆನ್ನಾಗಿದ್ದೀವಿ.

ಮೊದ್ದು

*

೨೦ ಏಪ್ರಿಲ್ ೧೯೮೬

ಮೊದ್ದು,

ಏಣಿ ಹತ್ತುವ ವಯಸ್ಸೇನೋ ನಿನ್ನದು? ಕೈ ಹುಷಾರು. ಬಿಸಿನೀರಿನ ಶಾಖ ಕೊಡಲು ನಿನ್ನ ಹೆಂಡತಿಗೆ ಹೇಳು.

ನಿನ್ನ ಮಾರ್ಚಿನ ಕಾಗದ ನನ್ನದು ಹೊರಟ ಮೇಲೆ ಬಂತು. ಓದಿ ಊಟ ಸೇರಲಿಲ್ಲ. ಆದರೆ ನಿನ್ನ ಈ ಕಾಗದ ನೋಡಿ ಸಮಾಧಾನವಾಯಿತು. ನೀನು ಹೆದರಿದಷ್ಟೇನೂ ಆಗಲಿಲ್ಲ ಅಲ್ಲವೇ? ನನ್ನ ಮೇಲೆ ಸಿಟ್ಟಿದೆ, ಅದಕ್ಕೇ ಇಷ್ಟು ಚಿಕ್ಕ ಕಾಗದ. ಇರಲಿ, ಬೈದುಬಿಡು, ಹಗುರಾಗುತ್ತದೆ. ನಿನ್ನಂಥ ಕೈ ಪಳಗಿದವನಿಗೆ ಎಲ್ಲಾದರೂ ಕೆಲಸ ಸಿಗುತ್ತದೆ.

ಪ್ರಾಣಿಯ ಮಗ್ಗುಲು ಬದಲಿಸಿದೆವು. ಹೀಗೆ ನೋಡು, ಕಾಣುವ ಮೇಲ್ಮೈಗೆ ರೆಸಿನ್ ಎಂಬ ಅಂಟುದ್ರವ ಹೊಯ್ಯುತ್ತೇವೆ. ಅದು ಗಾಜಿನಂತೆ ಗಟ್ಟಿಯಾದ ಮೇಲೆ ತಿರುಗಿಸಿ, ಹಿಂದಿನ ಕಲ್ಲನ್ನು ಪದರ ಪದರವಾಗಿ ತೆಗೆದುಬಿಡುತ್ತೇವೆ. ಕಲ್ಲು ಹೋಗಿ ಪ್ರಾಣಿ ಮಾತ್ರ ಉಳಿಯುತ್ತದೆ. ಹೊಟ್ಟೆಯಲ್ಲಿ ಕೊನೆಯ ಊಟ ಇನ್ನೂ ಇದೆ! ಎಲೆಯ ಚೂರು, ಹುಳುಗಳ ಕಾಲು.

ಬಾಲವೊಂದು ಸಿಕ್ಕಿದ್ದರೆ. ಬಾಲದ ಮೇಲೂ ಚಿಪ್ಪಿತ್ತೇ ಇಲ್ಲವೇ ಎಂದು ಮೇಲಿನ ಮಹಡಿಯವರೆಲ್ಲ ಕಚ್ಚಾಡುತ್ತಿದ್ದಾರೆ. ನಮ್ಮ ಹುಡುಗರು ಮತ್ತೆ ಬಂದರೆ ಜಾಗ ತೋರಿಸೋ. ನನಗೋಸ್ಕರ.

ಪೇಪರಿನ ತುಣುಕು ಇಟ್ಟಿದ್ದೇನೆ. ನಿನ್ನ ಹೆಸರು ಎರಡನೇ ಸಾಲಿನಲ್ಲೇ ಇದೆ.

ಅಕ್ಕ

*

೩ ಮೇ ೧೯೮೬

ಅಕ್ಕಾ,

ಕೈ ಈಗ ಪರವಾಗಿಲ್ಲ, ಕಾಗೆ ಕಾಲು ಗುಬ್ಬಿ ಕಾಲು ಮಾಡಿಕೊಂಡಾದ್ರೂ ನಾನೇ ಬರೀತಿದೀನಿ.

ಒಂದು ವಿಷಯ ಸರಿಯಾಗಿ ಹೇಳು. ಕೆಲಸ ನಿಲ್ಲಿಸಿದಾಗ ಪಂಪುಗಳನ್ನೂ ನಿಲ್ಲಿಸಿದ್ರು. ಹೊಂಡದಲ್ಲಿ ನೀರು ಏರ್ತಾ ಇದೆ. ಬಡಗು ಗೋಡೆಯ ಬುಡ ನೆನೆದು ಅಲ್ಲಲ್ಲಿ ಕುಸೀತಿದೆ. ಇನ್ನು ಸ್ವಲ್ಪ ದಿನಕ್ಕೆ ನಿನ್ನ ಬಾಲ ನೀರೊಳಗೆ.

ನಾನು ಅದನ್ನ ತೆಗೆದು ಕೊಟ್ರೆ ನಿಮ್ಮವರಿಗೆ ಪ್ರಾಣಿ ಪೂರ್ತಿ ಸಿಕ್ಕಿದ ಹಾಗಾಯ್ತು ಅಲ್ವಾ? ಆಮೇಲೆ ಹೊಂಡ ಯಾಕೆ ಬೇಕು? ತಡೆ ತೆಗೆಸಿಬಿಡ್ತಾರೆ ಅಲ್ವಾ? ಮೇಸ್ತ್ರಿ ಹತ್ರ ಈ ಮಾತು ಆಡಿದೆ. ಎಷ್ಟೋ ದಿನದ ಮೇಲೆ ನನ್ನ ಎದುರು ಕೂತು ಟೀ ಕುಡಿದ. "ನಿನ್ನ ಅಕ್ಕ ಮಾತು ಕೊಡ್ತಾಳೇನೋ?" ಅಂದ. "ನಮ್ಮಕ್ಕ ಹೇಳಿದ್ರೆ ಅಲ್ಲಿ ನಡೆಯುತ್ತೆ" ಅಂದೆ. ಸ್ವಲ್ಪ ಕೊಚ್ಚಿಕೊಂಡೆ, ಏನೂ ಅಂದ್ಕೋಬೇಡ.

ಬೇಗ ಬರಿ. ಹೌದು ಅಂತ ಒಂದು ಸಾಲು ಸಾಕು, ಇಲ್ಲಿ ಎಲ್ಲರಿಗೂ ತೋರಿಸ್ತೀನಿ.

ಮೊದ್ದು

*

೧೦ ಮೇ ೧೯೮೬

ಮೊದ್ದು,

ಇಲ್ಲ.

ನಿನ್ನ ಕಾಗದ ಈಗ ತಾನೇ ಸಿಕ್ಕಿತು, ನಿಂತೇ ಬರೆಯುತ್ತಿದ್ದೇನೆ. ಬಾಲ ಸಿಕ್ಕಿದರೂ ಅವರು ಹೊಂಡ ಬಿಡುವುದಿಲ್ಲ. ಅವರಿಗೆ ಬೇಕಾದದ್ದು ಒಂದು ಪ್ರಾಣಿಯಲ್ಲ, ಇಡೀ ಹೊಂಡ. ಇದನ್ನು ನಾನು ಮೊದಲೇ ಬಿಡಿಸಿ ಹೇಳಬೇಕಿತ್ತು. ಇಲ್ಲಿ ನಾನು ಹೇಳಿದರೆ ಏನೂ ನಡೆಯುವುದಿಲ್ಲ ಕಣೋ, ನಾನು ನೆಲಮಾಳಿಗೆಯವಳು.

ಆ ಗೋಡೆಯ ಹತ್ತಿರ ಹೋಗಬೇಡ. ನೆನೆದ ಎಣ್ಣೆಗಲ್ಲು ಸಾಬೂನಿನ ಹಾಗೆ ಜಾರುತ್ತದೆ, ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಬಾಲ ಹಾಳಾಗಿ ಹೋಗಲಿ. ನಾನಿನ್ನು ಕೇಳುವುದಿಲ್ಲ.

ಮೇಸ್ತ್ರಿಗೆ ಏನು ಹೇಳಬೇಕೋ ನಾನೇ ಬಂದು ಹೇಳುತ್ತೇನೆ. ರಜೆ ಕೇಳಿದ್ದೇನೆ.

ಅಕ್ಕ

*

೧೭ ಮೇ ೧೯೮೬

ಅತ್ತಿಗೆಯವರಿಗೆ,

ತಂತಿ ಸಿಕ್ಕಿದ ಮೇಲೆ ನೀವು ಹೊರಡಲು ನೋಡಿದಿರೆಂದೂ ರೈಲು ಸಿಗಲಿಲ್ಲವೆಂದೂ ತಿಳಿಯಿತು. ಈಗ ಬರಬೇಡಿ. ಎಲ್ಲ ಮುಗಿದಿದೆ. ಬಂದರೆ ನಾನು ನಿಮಗೆ ಏನೆಂದುಬಿಡುತ್ತೇನೋ ನನಗೇ ಗೊತ್ತಿಲ್ಲ.

ನಡೆದದ್ದನ್ನು ಬರೆಯುತ್ತೇನೆ. ನಿಮ್ಮ ಉತ್ತರಕ್ಕೆ ಕಾದರು. ಭಾನುವಾರ ಬೆಳಿಗ್ಗೆ ಮೇಸ್ತ್ರಿ ಬಾಗಿಲಿಗೆ ಬಂದು, ನೀರು ಇನ್ನೊಂದು ಅಡಿ ಏರಿದೆ, ಹೋಗುವುದಾದರೆ ಇವತ್ತೇ ಅಂದ. ಇವರು, "ಅಕ್ಕ ಹೌದು ಅಂತಾಳೆ, ಕಾಗದ ದಾರಿಯಲ್ಲಿದೆ ಅಷ್ಟೇ" ಅನ್ನುತ್ತಾ ಶರಟು ಹಾಕಿಕೊಂಡರು. ಗುಂಡಿ ನಾನೇ ಹಾಕಿದೆ, ಬಲಗೈ ಬೆರಳು ಇನ್ನೂ ಮಡಚಲು ಬರುತ್ತಿರಲಿಲ್ಲ.

ಕೈಗೆ ಆದದ್ದು ಏಣಿಯಿಂದ ಬಿದ್ದು ಅಲ್ಲ. ನಮ್ಮ ಮನೆಯಲ್ಲಿ ಏಣಿಯೇ ಇಲ್ಲ. ಪೇಪರಿನಲ್ಲಿ ಹೆಸರು ಬಂದ ಮೇಲೆ ಪಂಪ್ ಮನೆಯ ಹಿಂದೆ ನಾಲ್ಕೈದು ಜನ ಹಿಡಿದು ಹೊಡೆದರು. ನೀವು ಕಳಿಸಿದಂಥದೇ ತುಣುಕು ಇಲ್ಲಿ ನಿಮ್ಮ ಕಾಗದಕ್ಕೂ ಮೊದಲೇ ಅಂಗಡಿಯ ಬಾಗಿಲಿಗೆ ಅಂಟಿತ್ತು. ಅಂಗಡಿಯವನು ನಮಗೆ ಸಾಮಾನು ಕೊಡುವುದು ನಿಲ್ಲಿಸಿದ. ಸಮವಸ್ತ್ರ ಹೊಲಿಯಲು ನನ್ನ ಹತ್ತಿರ ಬರುತ್ತಿದ್ದವರು ಬಟ್ಟೆ ವಾಪಸು ಒಯ್ದರು. ಇದನ್ನೆಲ್ಲ ನಿಮಗೆ ಬರೆಯಬಾರದೆಂದು ಅವರ ಆಣೆ ಇತ್ತು. ಆ ಕಾಗದ ಬರೆದದ್ದು ನಾನೇ ಅಲ್ಲವೇ, ಏಣಿ ಎಂದು ಬರೆಯುವಾಗ ಪೆನ್ನು ಓಡಲಿಲ್ಲ. "ಬರಿ ಮಾರಾಯ್ತಿ, ಅಕ್ಕ ಅಳ್ತಾಳೆ" ಅಂದರು.

ಗೋಡೆ ಒಮ್ಮೆಲೇ ಕುಸಿದು ಬಂತಂತೆ. ಇವರು ಬಾಲದ ಕಲ್ಲು ಬಿಡಿಸಿ ಮೇಸ್ತ್ರಿಯ ಕೈಗೆ ದಾಟಿಸಿದ್ದರು, ತಾವು ದಾಟಲಿಲ್ಲ. ಮೇಸ್ತ್ರಿ ಕಲ್ಲು ಬಿಸಾಡಿ ಬರಿಗೈಯಲ್ಲಿ ಬಗೆದಿದ್ದಾನೆ. ಅವನ ಉಗುರು ಎರಡು ಕಿತ್ತು ಹೋಗಿವೆ. ಕೂಗು ಕೇಳಿ ಬೀದಿಯವರೆಲ್ಲ ಓಡಿದರು. ಹೊಡೆದವರೇ ಬಗೆದರು, ಹೊಡೆದವರೇ ಹೊತ್ತು ತಂದರು. ಮುಖ ಮಾತ್ರ ಕೆಡದೆ ಹಾಗೇ ಇತ್ತು.

ಆ ಕಲ್ಲನ್ನು ಸಂಜೆ ಯಾರೋ ನಮ್ಮ ಜಗುಲಿಯ ಮೇಲಿಟ್ಟು ಹೋಗಿದ್ದರು. ಅದರ ಯೋಚನೆ ಯಾರಿಗಿತ್ತು? ಬಿಸಿಲಿಗೆ ಒಣಗಿ ಸುಟ್ಟ ಕಾಗದದಂತೆ ಎದ್ದಿತು. ನಾನು ಗುಡಿಸಿ ಹಾಕಿದೆ.

ನಿಮ್ಮ ಕಾಗದ ಗುರುವಾರ ಬಂತು. ಒಡೆದು ಓದಿದೆ.

ನನ್ನದು ಒಂದೇ ಕೇಳಿಕೆ. ಆ ಪ್ರಾಣಿಯನ್ನು ಇಡುವ ಕಡೆ ಇವರ ಹೆಸರು ಹಾಕಬೇಡಿ. ಹೊಂಡದ ಕೆಲಸ ನಿಲ್ಲಿಸಿದವನು ಎಂದೇ ಇಲ್ಲಿ ಎಲ್ಲರ ಬಾಯಲ್ಲಿದೆ. ಸತ್ತದ್ದಕ್ಕೆ ಅತ್ತರು, ಆದರೆ ಅದನ್ನು ಮರೆತಿಲ್ಲ. ನಾನು ಮಗಳನ್ನು ಇದೇ ಬೀದಿಯಲ್ಲಿ ಬೆಳೆಸಬೇಕು. ಹೆಸರು ಎಷ್ಟು ಬೇಗ ಮರೆತರೆ ಅಷ್ಟು ಒಳ್ಳೆಯದು.

ಇಂತು,
ನಿಮ್ಮ ತಮ್ಮನ ಹೆಂಡತಿ

*

೨ ಜೂನ್ ೧೯೮೬

ತಂಗೀ,

ನಾಲ್ಕು ಸಲ ಬರೆದು ಹರಿದೆ. ಕ್ಷಮಿಸು ಎಂದು ಬರೆದರೆ ನೀನು ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ಆ ಭಾರ ನಿನ್ನ ಮೇಲೆ ಬೇಡ.

ನೀನು ಕೇಳಿದಂತೆ ಆಗುತ್ತದೆ.

ಮಗಳಿಗೆ ಅತ್ತೆಯ ಪ್ರೀತಿ ತಿಳಿಸು. ಬೇಡವೆನಿಸಿದರೆ ಬೇಡ.

*

೧೪ ನವೆಂಬರ್ ೧೯೮೬

ತಂಗೀ,

ನೀನು ಉತ್ತರ ಬರೆಯಲಿಲ್ಲ, ಬರೆಯಬೇಕೆಂದೇನೂ ಇಲ್ಲ. ಆದರೆ ಇದು ನಿನಗೆ ಗೊತ್ತಿರಬೇಕು.

ಕಳೆದ ವಾರ ಪ್ರಾಣಿಯನ್ನು ಮೇಲಿನ ಹಜಾರದಲ್ಲಿ ಇಟ್ಟರು. ಮುಖ್ಯಸ್ಥರು ಅದಕ್ಕೆ ಮೊದ್ದುವಿನ ಹೆಸರಿಡಬೇಕೆಂದಿದ್ದರು. ಪ್ರಾಣಿಗೇ ಅವನ ಹೆಸರು, ಪುಸ್ತಕಗಳಲ್ಲಿ ಶಾಶ್ವತವಾಗಿ. ಬೇಡ ಅಂದೆ. "ನಿನ್ನ ತಮ್ಮನಿಗೆ ನಾವು ಮಾಡಬಹುದಾದದ್ದು ಇದೊಂದೇ ಅಲ್ಲವೇನಮ್ಮಾ?" ಎಂದು ಕೇಳಿದರು. ಕಣ್ಣು ಒದ್ದೆಯಾಗಿತ್ತು, ನಾಟಕವಲ್ಲ. ನಾನು, "ಅವನ ಹೆಂಡತಿ ಬೇಡ ಅಂದಿದ್ದಾಳೆ. ಮತ್ತೆ ಕೇಳಬೇಡಿ" ಅಂದೆ. ಆಮೇಲೆ ಅವರು ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ.

ಗಾಜಿನ ಪಕ್ಕದ ಫಲಕ ಬರೆಯುವುದು ನನ್ನ ಕೆಲಸ. ಏನು, ಎಷ್ಟು ಹಳೆಯದು, ಏನು ತಿನ್ನುತ್ತಿತ್ತು, ಎಲ್ಲ ಬರೆದೆ. ಕೊನೆಯ ಸಾಲು, "ಕಂಡುಹಿಡಿದವರು: ತಿಳಿದಿಲ್ಲ."

ಮೊದಲ ದಿನವೇ ಜನ ಸಾಲುಗಟ್ಟಿದರು. ಬಾಲದ ಜಾಗದಲ್ಲಿ ಬರೀ ರೆಸಿನ್, ಜೇನಿನ ಬಣ್ಣದ್ದು. ಮಕ್ಕಳು ಅಲ್ಲಿಗೇ ಬೆರಳಿಟ್ಟು, "ಇದರ ಬಾಲ ಎಲ್ಲಿ ಹೋಯ್ತು?" ಅನ್ನುತ್ತಾರೆ. ನಾನು ಆ ಹಜಾರಕ್ಕೆ ಹೋಗುವುದನ್ನು ಬಿಟ್ಟಿದ್ದೇನೆ.

*

೨೨ ಫೆಬ್ರವರಿ ೧೯೮೭

ಅತ್ತಿಗೆಯವರಿಗೆ,

ಹೊಂಡಕ್ಕೆ ಇನ್ನು ಯಾವತ್ತೂ ಕಸ ತುಂಬಬಾರದೆಂದು ತೀರ್ಪಾಯಿತು, ನಿಮಗೆ ಗೊತ್ತೇ ಇರುತ್ತದೆ. ಬೀದಿಯಲ್ಲಿ ಈಗ ನಮ್ಮದೂ ಸೇರಿ ಬೆರಳೆಣಿಕೆಯ ಮನೆಗಳಲ್ಲಿ ದೀಪ ಉರಿಯುತ್ತದೆ. ಮೇಸ್ತ್ರಿಯೂ ಊರು ಬಿಟ್ಟ. ಹೋಗುವ ಮುಂಚೆ ಬಂದು ಬಾಗಿಲಲ್ಲಿ ನಿಂತು ಹೋದ.

ನಾನು ಬರೆಯುತ್ತಿರುವುದು ಮಗಳ ವಿಷಯಕ್ಕೆ. ಶಾಲೆಗೆ ತರಿಸುವ ಮಕ್ಕಳ ಪತ್ರಿಕೆಯಲ್ಲಿ ಆ ಪ್ರಾಣಿಯ ಚಿತ್ರ ಬಂದಿದೆ. ಇವಳು ಎದ್ದು ನಿಂತು, "ಇದನ್ನ ಕಂಡುಹಿಡಿದದ್ದು ನಮ್ಮಪ್ಪ" ಅಂದಳಂತೆ. ಹೊಸ ಟೀಚರು ಬೇರೆ ಊರಿನವರು. ಕೆಳಗೆ ಬರೆದದ್ದನ್ನು ಓದಿಸಿ, "ತಿಳಿದಿಲ್ಲ ಅಂತ ಅಚ್ಚಾಗಿದೆ, ಸುಳ್ಳು ಹೇಳಬಾರದು" ಎಂದು ಎಲ್ಲರೆದುರು ಬೆಂಚಿನ ಮೇಲೆ ನಿಲ್ಲಿಸಿದರಂತೆ. ಗೊತ್ತಿದ್ದ ಮಕ್ಕಳು ಒಬ್ಬರೂ ಬಾಯಿ ಬಿಡಲಿಲ್ಲ.

ಅವತ್ತಿನಿಂದ ಇವಳು ಮಾತಾಡುವುದೇ ಕಡಿಮೆ. ಅಷ್ಟು ಬಾಯಿ ಮಾಡುತ್ತಿದ್ದವಳು. ನಿನ್ನೆ ಊಟಕ್ಕೆ ಕೂತಾಗ, "ಅಮ್ಮಾ, ನಾನು ಅವತ್ತು ನೋಡಿದ ಕಲ್ಲು ಇದೇನಾ? ಅಪ್ಪ ನಿಜವಾಗ್ಲೂ ಕಂಡುಹಿಡಿದಿದ್ದಾ, ಇಲ್ಲ ಸುಮ್ಮನೆ ಹೇಳಿದ್ದಾ?" ಅಂದಳು.

ನಾನು ಹೇಳಿದೆ. ನಂಬಿದ ಹಾಗೆ ಕಾಣಲಿಲ್ಲ. ಹೆಸರು ಬೇಡ ಎಂದದ್ದು ನಾನೇ, ಈಗಲೂ ಅದನ್ನು ಬದಲಾಯಿಸಲು ಹೇಳುತ್ತಿಲ್ಲ, ಆ ಧೈರ್ಯ ನನಗೆ ಇನ್ನೂ ಬಂದಿಲ್ಲ. ನೀವು ಅವಳಿಗೆ ಒಂದು ಕಾಗದ ಬರೆಯಿರಿ. ಅವಳ ಹೆಸರಿಗೇ ಬರೆಯಿರಿ. ನಿಮ್ಮದನ್ನಾದರೆ ನಂಬುತ್ತಾಳೆ.

ನಿಮ್ಮ ತಮ್ಮನ ಹೆಂಡತಿ

*

೧ ಮಾರ್ಚ್ ೧೯೮೭

ಮುದ್ದು ಸೊಸೆಗೆ,

ನಾನು ನಿನ್ನ ಅತ್ತೆ, ನಿನ್ನಪ್ಪನ ಅಕ್ಕ. ಪತ್ರಿಕೆಯಲ್ಲಿರುವ ಆ ಪ್ರಾಣಿಯನ್ನು ಕಲ್ಲಿನಿಂದ ಬಿಡಿಸಿದವಳು.

ಟೀಚರ ತಪ್ಪಿಲ್ಲ. ಅಚ್ಚಾದದ್ದು ಹಾಗೇ ಇದೆ. ಪತ್ರಿಕೆಯವರು ನಮ್ಮ ಫಲಕ ನೋಡಿ ಬರೆದುಕೊಂಡಿದ್ದಾರೆ. ಆ ಫಲಕ ಬರೆದದ್ದು ನಾನು, ಮತ್ತು ಅದು ಸುಳ್ಳು. ನೀನು ಬೆಂಚಿನ ಮೇಲೆ ನಿಂತು ಹೇಳಿದ್ದು ನಿಜ.

ನಿನ್ನಪ್ಪ ಅದನ್ನು ಕಂಡ. ಯಂತ್ರದಿಂದ ಇಳಿದು ಬಗ್ಗಿ ನೋಡಿದ, ಒಡೆದು ಬಿಸಾಡಲಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿದ್ದರಿಂದಲೇ ಅದು ಉಳಿದಿದೆ. ಯಾರಿಗೂ ಹೇಳಬೇಡ ಎಂದು ಅವನು ನನಗೆ ಬರೆದಿದ್ದ. ಅವನ ಮಾತು ತಲುಪುವ ಮೊದಲೇ ನಾನು ಹೇಳಿಬಿಟ್ಟೆ. ಅದರಿಂದ ನಿಮ್ಮ ಬೀದಿಯವರ ಕೆಲಸ ಹೋಯಿತು. ಅವರ ಕೆಲಸ ವಾಪಸು ಕೊಡಿಸಬಹುದೆಂದು ನಿನ್ನಪ್ಪ ಆ ಗೋಡೆಯ ಕೆಳಗೆ ಹೋದ. ಅವನು ಹೊಂಡದ ಕೆಲಸ ನಿಲ್ಲಿಸಿದವನಲ್ಲ. ಯಾರಾದರೂ ಹಾಗೆಂದರೆ ನೀನು ಜಗಳವಾಡಬೇಕಿಲ್ಲ, ನಿನಗೆ ಗೊತ್ತಿದ್ದರೆ ಸಾಕು.

ಅವನ ಹೆಸರು ಹಾಕಬೇಡಿ ಎಂದು ನಿನ್ನಮ್ಮ ಕೇಳಿದಳು, ನಿನ್ನನ್ನು ಯಾರೂ ನೋಯಿಸಬಾರದೆಂದು. ಅವಳ ಮೇಲೆ ಸಿಟ್ಟು ಮಾಡಬೇಡ. ಸಿಟ್ಟು ಬಂದರೆ ನನ್ನ ಮೇಲೆ ಮಾಡು. ದೂರದಲ್ಲಿದ್ದೇನೆ, ತಡೆದುಕೊಳ್ಳುತ್ತೇನೆ.

ನೀನು ದೊಡ್ಡವಳಾದ ಮೇಲೆ, ನಿನಗೆ ಬೇಕೆನಿಸಿದರೆ, ಇಲ್ಲಿಗೆ ಬಾ. ಹಜಾರದ ಬಲಗಡೆ ಎರಡನೇ ಗಾಜು. ಕೊನೆಯ ಸಾಲನ್ನು ತೊಳೆದರೆ ಹೋಗುವ ಬಣ್ಣದಲ್ಲಿ ಬರೆದಿದ್ದೇನೆ, ಇದು ಇಲ್ಲಿ ಯಾರಿಗೂ ಗೊತ್ತಿಲ್ಲ. ಅಲ್ಲಿ ಏನು ಬರೆಯಬೇಕೆಂದು ನೀನು ಹೇಳು, ನಾನು ಬರೆಯುತ್ತೇನೆ. ಅಷ್ಟು ಹೊತ್ತಿಗೆ ನಾನು ಇಲ್ಲದಿದ್ದರೆ, ಕಾವಲಿನವರನ್ನು ಒಂದು ಲೋಟ ನೀರು ಕೇಳಿ ತೆಗೆದುಕೋ, ನೀನೇ ಬರಿ.

ನಿನ್ನ ಅತ್ತೆ